ಕ್ಲೆಮೆನ್ಸ್ ಬುಶ್ ಅವರ ‘ಫೊಮ್ ಗ್ರಾವೆನ್ ಶೀಫರ್’: ಮೋಸೆಲ್ ಕಣಿವೆಯ ಡ್ರೈ ರೀಸ್ಲಿಂಗ್

ರೀಸ್ಲಿಂಗ್ ಎಂಬ ಬಿಳಿ ದ್ರಾಕ್ಷಿಯಿಂದ ಜರ್ಮನಿಯಲ್ಲಿ ಮಾಡುವ ವೈನ್ ಎಂದರೆ ಸಿಹಿ ವೈನ್ ಎಂಬ ಭಾವನೆ ನಮ್ಮಲ್ಲಿ ಬಹಳ ಮಂದಿಗಿದೆ. ಮೋಸೆಲ್ ಕಣಿವೆಯ ಮಟ್ಟಿಗೆ ಅದು ಆಧಾರವಿಲ್ಲದ ಮಾತೇನೂ ಅಲ್ಲ. ಅಲ್ಲಿನ ಹೆಸರಾಂತ ತೋಟಗಳು ಕೀರ್ತಿ ಗಳಿಸಿದ್ದೇ ದ್ರಾಕ್ಷಿಯ ಸಕ್ಕರೆಯಲ್ಲಿ ಒಂದು ಪಾಲನ್ನು ಹುದುಗಲು ಬಿಡದೆ ಉಳಿಸಿಕೊಂಡು. ಅದೇ ಕಣಿವೆಯ ಪ್ಯೂಂಡೆರಿಶ್ ಎಂಬ ಹಳ್ಳಿಯಲ್ಲಿ ಕ್ಲೆಮೆನ್ಸ್ ಮತ್ತು ರೀಟಾ ಬುಶ್ ದಂಪತಿ ಡ್ರೈ ವೈನನ್ನೇ, ಅಂದರೆ ಸಕ್ಕರೆ ಬಹುಪಾಲು ಹುದುಗಿಹೋಗಿ ಸಿಹಿ ಉಳಿಯದ ವೈನನ್ನೇ, ತಮ್ಮ ಮುಖ್ಯ ಕಸುಬಾಗಿಸಿಕೊಂಡರು. ಬೂದು ಸ್ಲೇಟಿನ ನೆಲದಲ್ಲಿ ಬೆಳೆದ ಹಣ್ಣಿನಿಂದ ಮಾಡಿದ ‘ಫೊಮ್ ಗ್ರಾವೆನ್ ಶೀಫರ್’ (‘ಬೂದು ಸ್ಲೇಟಿನಿಂದ’ ಎಂದರ್ಥ) ಎಂಬ ಈ ವೈನ್, ಅವರ ಕೆಲಸವನ್ನು ಅರಿಯಲು ಬಯಸುವವರಿಗೆ ಒಳ್ಳೆಯ ಆರಂಭ.

ಹಳ್ಳಿಯ ಎದುರಿಗೆ, ಮೋಸೆಲ್ ನದಿಯ ಆಚೆ ದಡದಲ್ಲಿ, ಮರಿಯೆನ್‌ಬುರ್ಗ್ ಎಂಬ ಕಡಿದಾದ ತೋಟವಿದೆ. ಬೂದು, ನೀಲಿ, ಕೆಂಪು ಎಂಬ ಮೂರು ಬಗೆಯ ಸ್ಲೇಟ್ ಕಲ್ಲುಗಳೂ ಆ ಒಂದೇ ಇಳಿಜಾರಿನಲ್ಲಿ ಸಿಗುವುದರಿಂದ, ಪ್ರತಿಯೊಂದರ ಹಣ್ಣನ್ನೂ ಬೇರೆಬೇರೆಯಾಗಿ ಹುದುಗಿಸುವುದು ಇವರ ಪದ್ಧತಿ. 1980ರ ದಶಕದಿಂದಲೇ ಸಾವಯವವಾಗಿದ್ದ ಬೇಸಾಯವನ್ನು 2005ರಲ್ಲಿ ಬಯೋಡೈನಾಮಿಕ್ ಪದ್ಧತಿಗೆ ತಂದರು. ಆಸ್ಟ್ರಿಯಾದ ಚಿಂತಕ ರುಡಾಲ್ಫ್ ಸ್ಟೈನರ್ 1924ರಲ್ಲಿ ನೀಡಿದ ಉಪನ್ಯಾಸಗಳಿಂದ ಹುಟ್ಟಿದ ಈ ಪದ್ಧತಿಯಲ್ಲಿ ಹಸುವಿನ ಕೊಂಬಿಗೆ ಸಗಣಿ ತುಂಬಿ ಚಳಿಗಾಲವಿಡೀ ಮಣ್ಣಿನಲ್ಲಿ ಹೂತಿಟ್ಟು, ಬಳಿಕ ನೀರಿನಲ್ಲಿ ಕಲಕಿ ನೆಲಕ್ಕೆ ಸಿಂಪಡಿಸುತ್ತಾರೆ. ಕರ್ನಾಟಕದ ಸಾವಯವ ರೈತರಿಗೂ ಪರಿಚಿತವಾದ ಕ್ರಮ ಇದು. ಕೊಂಬಿನ ಗೊಬ್ಬರದ ಪರಿಣಾಮದ ಬಗ್ಗೆ ವಾದಗಳಿರಬಹುದು. ನನ್ನನ್ನು ಒಪ್ಪಿಸುವುದು ಅದಕ್ಕಿಂತ ಸರಳವಾದ ಸಂಗತಿ: ಟ್ರ್ಯಾಕ್ಟರ್ ಹತ್ತದ, ಹಲವೆಡೆ ಹೆಲಿಕಾಪ್ಟರಿನಿಂದ ಶಿಲೀಂಧ್ರನಾಶಕ ಸಿಂಪಡಿಸುವ ಇಂಥ ಕಣಿವೆಯಲ್ಲಿ, ಕಳೆನಾಶಕವಿಲ್ಲದೆ ಕೈಕೆಲಸವನ್ನೇ ನೆಚ್ಚಿ ಬಳ್ಳಿಗಳನ್ನು ಕಾಪಾಡಲು ಬೇಕಾಗುವ ದುಡಿಮೆ ಅಸಾಧಾರಣವಾದದ್ದು.

ನೆಲಮಾಳಿಗೆಯಲ್ಲಿಯೂ ಅವಸರವಿಲ್ಲ. ಹೊರಗಿನ ಯೀಸ್ಟ್ ಬೆರೆಸದೆ, ಹಣ್ಣಿನೊಂದಿಗೆ ಬಂದ ಯೀಸ್ಟಿನಿಂದಲೇ, ಸುಮಾರು 1,000 ಲೀಟರ್ ಹಿಡಿಯುವ ಹಳೆಯ ಮರದ ಪೀಪಾಯಿಗಳಲ್ಲಿ ರಸ ನಿಧಾನವಾಗಿ ಹುದುಗುತ್ತದೆ. ಪೀಪಾಯಿಗಳು ಹಳೆಯವಾದ್ದರಿಂದ ವೈನಿಗೆ ಮರದ ರುಚಿ ಹತ್ತುವುದಿಲ್ಲ.

ಲೋಟಕ್ಕೆ ಸುರಿದ ಕೂಡಲೇ ಈ ವೈನ್ ತನ್ನನ್ನು ಬಿಟ್ಟುಕೊಡುವುದಿಲ್ಲ. ಮೊದಲು ಮೂಗಿಗೆ ಬರುವುದು ಸಣ್ಣ ಹೊಗೆಯ ವಾಸನೆ, ನೀರು ಬಿದ್ದ ಸಾಣೆಕಲ್ಲಿನಂಥ ಒಂದು ತಂಪು. ಅರ್ಧ ಗಂಟೆ ಗಾಳಿಯಾಡಿದ ಮೇಲೆ ಹಳದಿ ಪೀಚ್, ನಿಂಬೆಯ ಸಿಪ್ಪೆ, ಒಣಗಿದ ಸೊಪ್ಪಿನ ಪರಿಮಳ ಒಂದೊಂದಾಗಿ ತೆರೆದುಕೊಳ್ಳುತ್ತವೆ. ಬಾಯಲ್ಲಿ ಹುಳಿ ಸ್ಪಷ್ಟವಾಗಿದ್ದರೂ ಚುಚ್ಚುವುದಿಲ್ಲ. ಅದರ ಬೆನ್ನಿಗೆ ಹಣ್ಣಿನ ತುಂಬುತನವಿದೆ, ನುಂಗಿದ ಬಳಿಕ ನಾಲಿಗೆಯ ಅಂಚಿನಲ್ಲಿ ಉಪ್ಪಿನಂಥ ರುಚಿ ಬಹಳ ಹೊತ್ತು ನಿಲ್ಲುತ್ತದೆ. ಜರ್ಮನಿಯಲ್ಲಿ ಲೀಟರಿಗೆ 4 ಗ್ರಾಂವರೆಗೆ, ಹುಳಿ ಸಾಕಷ್ಟಿದ್ದರೆ 9 ಗ್ರಾಂವರೆಗೆ, ಸಕ್ಕರೆ ಉಳಿದ ವೈನನ್ನು ಡ್ರೈ ಎಂದು ಮಾರಲು ಕಾನೂನಿನ ಅನುಮತಿಯಿದೆ. ರೀಸ್ಲಿಂಗಿನ ಹುಳಿಗೆ ಈ ಅವಕಾಶ ತಕ್ಕುದಾಗಿದೆ. ಸಕ್ಕರೆಯ ಅಂಶ ಪೂರಾ ಬತ್ತಿಹೋಗಿ ಹಲ್ಲು ಚುರುಗುಟ್ಟಿಸುವ ಎಷ್ಟೋ ಅಗ್ಗದ ಡ್ರೈ ರೀಸ್ಲಿಂಗುಗಳಿಗಿಂತ ಈ ವೈನ್ ಎಷ್ಟು ಮೇಲು ಎಂಬುದು ತಿಳಿಯುವುದು ಈ ಸಮತೋಲದಲ್ಲಿಯೇ.

ಫ್ರಿಜ್ಜಿನಿಂದ ತೆಗೆದು ಕೊರೆಯುವಷ್ಟು ತಣ್ಣಗೆ ಕುಡಿದರೆ ಇದರ ಅರ್ಧ ಗುಣ ಕಾಣದೇ ಹೋಗುತ್ತದೆ. 10ರಿಂದ 12 ಡಿಗ್ರಿಯಲ್ಲಿ, ಅಗಲವಾದ ಲೋಟದಲ್ಲಿ ಕೊಡುವುದು ಮೇಲು. ಹೊಳೆಮೀನಿನ ಜೊತೆ ಚೆನ್ನಾಗಿ ಹೊಂದುತ್ತದೆ. ಜರ್ಮನಿಯಲ್ಲಿರುವ ಕನ್ನಡಿಗರು ತೆಂಗಿನಹಾಲಿನ ಕೋಳಿಸಾರು, ನೀರುದೋಸೆಗಳ ಜೊತೆಗೂ ಧೈರ್ಯವಾಗಿ ಇಡಬಹುದು, ಆದರೆ ಖಾರ ಮಿತವಾಗಿರಬೇಕು, ಏಕೆಂದರೆ ಜೋರು ಮೆಣಸಿನಕಾಯಿಯ ಮುಂದೆ ಇದರ ಸೂಕ್ಷ್ಮ ಉಳಿಯದು. ಬೆಲೆ ಅಲ್ಲಿನ ಸೂಪರ್‌ಮಾರ್ಕೆಟ್ಟಿನ ರೀಸ್ಲಿಂಗಿಗಿಂತ ಬಹಳ ಹೆಚ್ಚು, ಆ ಇಳಿಜಾರಿನ ದುಡಿಮೆಗೆ ಹೋಲಿಸಿದರೆ ನ್ಯಾಯವಾದದ್ದು. ಕೊಂಡವರು ಅರ್ಧ ಬಾಟಲಿಯನ್ನು ಮರುದಿನಕ್ಕೆ ಉಳಿಸಿಕೊಳ್ಳಲಿ. ಎರಡನೆಯ ದಿನ ಹೊಗೆಯ ವಾಸನೆ ಇಳಿದು ಹಣ್ಣಿನ ರುಚಿ ಇನ್ನಷ್ಟು ಮುಂದೆ ಬರುತ್ತದೆ.