98% ಕಾರ್ಬನ್ ಅಂತ ಮಾರಿದ ಶುಂಗೈಟ್ ಪಿರಮಿಡ್ ಶುಂಗೈಟೇ ಅಲ್ಲ!

ಆನ್‌ಲೈನಲ್ಲಿ "ಎಲೈಟ್ ಶುಂಗೈಟ್, ಪಾಲಿಶ್ ಪಿರಮಿಡ್, 98% ಕಾರ್ಬನ್" ಅಂತ ನೋಡಿ 3,200 ರೂಪಾಯಿ ಕೊಟ್ಟೆ. ಶುಂಗೈಟ್ ಅಂದರೆ ಇಂಗಾಲ (ಕಾರ್ಬನ್) ತುಂಬಿದ ಕಪ್ಪು ಕಲ್ಲು. ಬಂದದ್ದು ಕಪ್ಪು ಬಳಿದ ಯಾವುದೋ ಕಲ್ಲು. ಕಲ್ಲಿನ ಬಗ್ಗೆ ಗೊತ್ತಿದ್ದೂ ಟೋಪಿ ಹಾಕಿಸಿಕೊಂಡೆ, ನಾಚಿಕೆ ಆಗುತ್ತೆ.

ಸುಳ್ಳು ಆ ಒಂದು ಸಾಲಲ್ಲೇ ಇತ್ತು. 98% ಇಂಗಾಲದ ಎಲೈಟ್ ಕಲ್ಲು ಬೆಳ್ಳಿ ಹೊಳಪಿನದು, ಗಾಜಿನ ಹಾಗೆ ಒಡೆಯುತ್ತೆ. ಪಿರಮಿಡ್ ಕಡೆಯೋಕೆ ಹೋದರೆ ಪುಡಿಪುಡಿ. ಅದಕ್ಕೇ ಒರಟು ಚೂರುಗಳಾಗಿ ಸಿಗುತ್ತೆ. ಪಿರಮಿಡ್, ಗೋಲಿ ಎಲ್ಲ ಆಗೋದು ಸಾಮಾನ್ಯ ಶುಂಗೈಟಿನಿಂದ. ರಷ್ಯಾದ ಕರೇಲಿಯಾದಲ್ಲಿ, ಒನೇಗಾ ಸರೋವರದ ಹತ್ತಿರ ತೆಗೆಯೋ ಸುಮಾರು 200 ಕೋಟಿ ವರ್ಷ ಹಳೇ ಕಲ್ಲು ಅದು. ಇಂಗಾಲ 30% ಆಸುಪಾಸು, ಉಳಿದದ್ದು ಬಹುಪಾಲು ಸಿಲಿಕೇಟ್.

ನಿಜವಾದ ಶುಂಗೈಟಿನಲ್ಲಿ ಕರೆಂಟ್ ಹರಿಯುತ್ತೆ. ಅದಕ್ಕೇ ಮಲ್ಟಿಮೀಟರನ್ನ ಕಂಟಿನ್ಯುಟಿಗಿಟ್ಟು (ಕರೆಂಟ್ ಹರಿದರೆ ಬೀಪ್ ಅನ್ನುತ್ತೆ) ಎರಡೂ ಕಡ್ಡಿ ತಾಗಿಸಿದೆ. ಬೀಪ್ ಇಲ್ಲ. ಮೇಣದ ಪದರ ಇರಬಹುದು ಅಂತ ತಳದಲ್ಲಿ ಎರಡು ಕಡೆ ಕೆರೆದು ಮತ್ತೆ ಇಟ್ಟೆ. ಆಗಲೂ ಇಲ್ಲ! ಕೆರೆದ ಕಡೆ ಬಿದ್ದದ್ದು ಬಿಳಿ ಪುಡಿ. ನಿಜವಾದದ್ದರ ಪುಡಿ ಕಪ್ಪು. ಅಡುಗೆಮನೆ ತಕ್ಕಡಿಯಲ್ಲಿ 132 ಗ್ರಾಂ, ಅಳತೆ ಲೋಟದಲ್ಲಿ ನೀರು ಏರಿದ್ದು 50 ಎಂಎಲ್. ಸಾಂದ್ರತೆ 2.64. ಕ್ವಾರ್ಟ್ಜ್ (ಬೆಣಚುಕಲ್ಲು) 2.65. ಸಾಮಾನ್ಯ ಶುಂಗೈಟ್ 2.4 ದಾಟೋದು ಅಪರೂಪ, ಎಲೈಟ್ 2ರ ಒಳಗೆ.

ಮಾರಿದವರ ಉತ್ತರ ಕೇಳಿ. "ಸರ್, ಪಾಲಿಶ್ ಮಾಡಿದ್ದರಲ್ಲಿ ಕರೆಂಟ್ ಹರಿಯಲ್ಲ." ಕೆರೆದೇ ನೋಡಿದ್ದು ಅಂದೆ. "ಕೆರೆದಿದ್ದೇ ತಪ್ಪು ಸರ್, ಎನರ್ಜಿ ಹೋಯ್ತು. 21 ದಿನ ಬಿಸಿಲಲ್ಲಿಡಿ, ಸೆಟ್ ಆಗುತ್ತೆ." ವಾಪಸ್ ಕೊಡೋ ಅವಧಿ ಎಷ್ಟು ಗೊತ್ತಾ? 7 ದಿನ. 21 ದಿನದ ಲೆಕ್ಕ ಎಲ್ಲಿಂದ ಬಂತು ಅಂತ ಆಗ ಹೊಳೀತು. ಕೊನೆಗೆ, "ಪೀಟರ್ ದಿ ಗ್ರೇಟೇ ಶುಂಗೈಟ್ ನೀರು ಕುಡೀತಿದ್ದ ಸರ್." ಆ ರಷ್ಯಾದ ದೊರೆ 1719ರಲ್ಲಿ ಕರೇಲಿಯಾದ ಮಾರ್ಷಿಯಲ್ ವಾಟರ್ಸ್ ಅನ್ನೋ ಊರಲ್ಲಿ ಶುರುಮಾಡಿದ್ದು ಕಬ್ಬಿಣಾಂಶದ ಬುಗ್ಗೆ ನೀರಿನ ಚಿಕಿತ್ಸೆ! ದುಡ್ಡಿನ ಮಾತಿಗೆ ಮಾತ್ರ ಉತ್ತರ ಇಲ್ಲ.

ಕೊಳ್ಳೋ ಮುಂಚೆ ಮಲ್ಟಿಮೀಟರ್ ವಿಡಿಯೋ ಕೇಳಿ. ಕೊಡದಿದ್ದರೆ ಬಿಡಿ. ಬೀಪ್ ಬಂದರೂ ಸಾಲದು, ಪೆನ್ಸಿಲ್ ಕಡ್ಡಿಯಲ್ಲಿರೋ ಗ್ರಾಫೈಟೂ ಬೀಪ್ ಅನ್ನುತ್ತೆ. ಆದರೆ ಗ್ರಾಫೈಟ್ ಮೆತ್ತಗೆ, ಉಗುರಲ್ಲಿ ಗೀರಿದರೆ ಗೀರು ಬೀಳುತ್ತೆ. ಶುಂಗೈಟಿಗೆ ಬೀಳಲ್ಲ.

ಅಸಲಿ ಕಲ್ಲೇ ಸಿಕ್ಕರೂ ಕುಡಿಯೋ ನೀರಿಗೆ ಹಾಕಬೇಡಿ. ಒಳಗಿನ ಪೈರೈಟ್ (ಕಬ್ಬಿಣ-ಗಂಧಕದ ಖನಿಜ) ಗಾಳಿ, ನೀರು ತಾಗಿ ಆಮ್ಲ ಬಿಡುತ್ತೆ, ಜೊತೆಗೆ ನಿಕಲ್, ಸತುವಿನಂಥ ಲೋಹಗಳು ನೀರಿಗಿಳಿಯುತ್ತವೆ. ತೊಳೆದಾಗ ಕಪ್ಪು ನೀರು ಬಂದರೆ ಗಾಬರಿ ಬೇಡ, ಅದು ಕಲ್ಲಿನ ಧೂಳು. ಹರಿಯೋ ನೀರು, ಮೆತ್ತನೆ ಬ್ರಷ್, ಆಮೇಲೆ ಒರೆಸಿ ಒಣಗಿಸಿ. ಉಪ್ಪುನೀರಲ್ಲಿ ನೆನೆಸೋದು ಬೇಡವೇ ಬೇಡ. ಎಲೈಟ್ ಚೂರಾದರೆ ಒಣಬಟ್ಟೆ ಸಾಕು. ವಿದ್ಯುತ್ ಹರಿಯೋ ಕಲ್ಲು, ಪ್ಲಗ್ ಪಾಯಿಂಟಿನ ಹತ್ತಿರ ಇಡಬೇಡಿ.