ಹೀಟರ್ ಫ್ಯಾನ್ ಕೊನೆಯ ಸ್ಪೀಡಿನಲ್ಲಿ ಮಾತ್ರ ಓಡುತ್ತಿದೆಯಾ? ಬರೀ ರೆಸಿಸ್ಟರ್ ಹಾಕಿಸಿ ಸುಮ್ಮನಾಗಬೇಡಿ

ನಿಮ್ಮ ಕಾರಿನ ಹೀಟರ್ ಫ್ಯಾನ್ ಒಂದು, ಎರಡು, ಮೂರರಲ್ಲಿ ಅಲ್ಲಾಡದೆ, ನಾಲ್ಕಕ್ಕೆ ತಿರುಗಿಸಿದಾಗ ಮಾತ್ರ ಭರ್ರೆಂದು ಓಡುತ್ತಿದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ಇಂಥ ಕಾರನ್ನು ಗ್ಯಾರೇಜಿಗೆ ಒಯ್ದರೆ ಕರೆಂಟು ತಗ್ಗಿಸುವ ರೆಸಿಸ್ಟರ್ ಅನ್ನುವ ಒಂದು ಪಾರ್ಟ್ ಬದಲಿಸಿ ಕಳಿಸುತ್ತಾರೆ. ಫ್ಯಾನ್ ಓಡುತ್ತದೆ. ಆದರೆ ಹಳೆಯ ರೆಸಿಸ್ಟರ್ ಯಾಕೆ ಸುಟ್ಟಿತು ಅಂತ ಯಾರೂ ನೋಡಿರುವುದಿಲ್ಲ. ನನ್ನ ಕಾರಿನಲ್ಲಿ ಹಾಗೇ ಆಯಿತು. ಡ್ಯಾಶ್‌ಬೋರ್ಡಿನೊಳಗೆ ಬೆಂಕಿ ಹತ್ತುವುದು ಸ್ವಲ್ಪದರಲ್ಲಿ ತಪ್ಪಿತು.

ಇದರ ಕೆಲಸ ಹೇಗೆ ಅಂತ ಗೊತ್ತಿದ್ದರೆ ಮುಂದಿನದು ಅರ್ಥವಾಗುತ್ತದೆ. ಹೀಟರಿಗೂ ಎಸಿಗೂ ಇರುವುದು ಒಂದೇ ಫ್ಯಾನ್. ಗುಂಡಿ ತಿರುಗಿಸಿ ಸ್ಪೀಡ್ ಬದಲಿಸುವ ಕಾರುಗಳಲ್ಲಿ, ಕಡಿಮೆ ಸ್ಪೀಡಿಗೆ ಇಟ್ಟಾಗ ಕರೆಂಟು ರೆಸಿಸ್ಟರಿನ ಸುರುಳಿಗಳನ್ನು ದಾಟಿ ಮೋಟಾರಿಗೆ ಹೋಗುತ್ತದೆ. ಕೊನೆಯ ಸ್ಪೀಡಿಗೆ ಇಟ್ಟರೆ ರೆಸಿಸ್ಟರನ್ನು ಬಿಟ್ಟು ನೇರ ಹೋಗುತ್ತದೆ. ಅದಕ್ಕೇ ರೆಸಿಸ್ಟರ್ ಹೋದಾಗ ಕೊನೆಯ ಸ್ಪೀಡ್ ಒಂದೇ ಉಳಿಯುವುದು. ರೆಸಿಸ್ಟರ್ ಅಂದಮೇಲೆ ಬಿಸಿಯಾಗುವುದು ಸಹಜ. ಅದು ತಣ್ಣಗಿರಲಿ ಅಂತಲೇ ಅದನ್ನು ಫ್ಯಾನ್ ಗಾಳಿ ಬೀಸುವ ದಾರಿಯಲ್ಲಿ ಕೂರಿಸಿರುತ್ತಾರೆ. ಈಗ ಮೋಟಾರ್ ಬಿಗಿಯಾಗಿ ನಿಧಾನಕ್ಕೆ ತಿರುಗುತ್ತಿದೆ ಅಂದುಕೊಳ್ಳಿ. ಅದು ಜಾಸ್ತಿ ಕರೆಂಟು ಎಳೆಯುತ್ತದೆ, ಕಡಿಮೆ ಗಾಳಿ ಕೊಡುತ್ತದೆ. ರೆಸಿಸ್ಟರಿಗೆ ಕಾವು ಹೆಚ್ಚಾಯಿತು, ಗಾಳಿ ಕಡಿಮೆಯಾಯಿತು. ಸುಡದೆ ಇನ್ನೇನಾಗುತ್ತದೆ? ಅಂದರೆ ಎಷ್ಟೋ ಸಲ ರೆಸಿಸ್ಟರಿನದು ಏನೂ ತಪ್ಪಿರುವುದಿಲ್ಲ, ರೋಗ ಮೋಟಾರಿನಲ್ಲಿರುತ್ತದೆ.

ನನ್ನ ಕಾರಿಗೆ ಮೊದಲ ಸಲ ರೆಸಿಸ್ಟರ್ ಹಾಕಿದಾಗ ಎಲ್ಲ ಸ್ಪೀಡೂ ಬಂತು. ಕೆಲವು ವಾರ ಕಳೆದ ಮೇಲೆ ಮತ್ತೆ ಅದೇ ಕತೆ. ಫ್ಯಾನ್ ಶುರುವಾಗುವಾಗ ಕಿರ್ ಅಂತ ಸಣ್ಣ ಸದ್ದು ಬರುತ್ತಿದೆ ಅಂತ ಗ್ಯಾರೇಜಿನಲ್ಲಿ ಹೇಳಿದೆ. "ಪಾರ್ಟ್ ಸರಿ ಇರಲಿಲ್ಲ ಅನ್ಸುತ್ತೆ ಸಾರ್, ಬೇರೆ ಹಾಕ್ತೀನಿ" ಅಂದರು. ಹಾಕಿದರು. ಆಮೇಲೆ ಒಂದು ದಿನ ಫ್ಯಾನ್ ಪೂರ್ತಿ ನಿಂತೇ ಹೋಯಿತು. "ಫ್ಯೂಸ್ ಹೋಗಿತ್ತು ಅಷ್ಟೇ, ಹಾಕಿದ್ದೀನಿ" ಅಂತ ಹೇಳಿ ಕಾರು ಕೊಟ್ಟರು. ಏನು ಹಾಕಿದ್ದಾರೆ ಅನ್ನುವುದು ನನಗೆ ಗೊತ್ತಾಗಿದ್ದು ಆಮೇಲೆ.

ಅದಾದ ಮೇಲೆ ಒಂದು ರಾತ್ರಿ ಜೋರು ಮಳೆ. ಗಾಜಿಗೆ ಒಳಗಿನಿಂದ ಮಂಜು ಕಟ್ಟಿತ್ತು, ಫ್ಯಾನ್ ಪೂರ್ತಿ ಸ್ಪೀಡಿನಲ್ಲಿತ್ತು. ಮೊದಲು ಬಂದಿದ್ದು ವಾಸನೆ. ಪ್ಲಾಸ್ಟಿಕ್ ಸುಡುವ, ಮೂಗಿಗೆ ಚುರುಗುಟ್ಟುವ ವಾಸನೆ, ಅದರ ಜೊತೆ ಒಂಥರಾ ಮೀನಿನ ನಾತ. ಆಮೇಲೆ ಗಾಳಿ ಬರುವ ಕಿಂಡಿಯಲ್ಲಿ ತೆಳ್ಳಗೆ ಹೊಗೆ. ಫ್ಯಾನ್ ಆಫ್ ಮಾಡಿದೆ. ಕ್ಷಣದಲ್ಲಿ ಗಾಜು ಪೂರ್ತಿ ಮಬ್ಬಾಯಿತು, ಮುಂದಿನ ರಸ್ತೆಯೇ ಕಾಣಲಿಲ್ಲ. ಹಿಂದಿನ ಸೀಟಿನಲ್ಲಿ ಮಕ್ಕಳಿದ್ದರು. ಕಿಟಕಿ ಇಳಿಸಿ, ತಲೆ ಹೊರಗೆ ಹಾಕಿ ನೋಡಿಕೊಂಡು ಕಾರನ್ನು ಅಂಚಿಗೆ ತಂದು, ಎಂಜಿನ್ ಆರಿಸಿ, ಎಲ್ಲರನ್ನೂ ಕೆಳಗಿಳಿಸಿದೆ. ಈ ಫ್ಯಾನ್ ಸುಖಕ್ಕಾಗಿ ಇರುವ ವಸ್ತು ಅಂತ ತುಂಬ ಜನ ಅಂದುಕೊಂಡಿದ್ದಾರೆ. ಮಳೆ, ಚಳಿಯಲ್ಲಿ ಅದು ಬ್ರೇಕು, ವೈಪರಿನಷ್ಟೇ ಮುಖ್ಯ.

ಮಾರನೇ ದಿನ ಕಾರನ್ನು ಬೇರೆ ಕಡೆಗೆ, ವೈರಿಂಗ್ ಕೆಲಸವನ್ನೇ ಮಾಡುವ ಒಬ್ಬ ಎಲೆಕ್ಟ್ರಿಷಿಯನ್ ಹತ್ತಿರ ಎಳೆಸಿಕೊಂಡು ಹೋದೆ. ಅವರು ಮೊದಲು ತೆಗೆದಿದ್ದು ಫ್ಯೂಸ್ ಬಾಕ್ಸಿನ ಮುಚ್ಚಳ. ಮುಚ್ಚಳದ ಒಳಬದಿಯಲ್ಲಿ ಬ್ಲೋವರಿಗೆ, ಅಂದರೆ ಈ ಹೀಟರ್ ಫ್ಯಾನಿಗೆ, 30 ಆಂಪಿಯರ್ ಅಂತ ಬರೆದಿತ್ತು. ಆ ಬಗೆಯಲ್ಲಿ 30ರ ಫ್ಯೂಸ್ ಹಸಿರು ಬಣ್ಣದ್ದು. ಅಲ್ಲಿ ಕೂತಿದ್ದು ಕಿತ್ತಳೆ ಬಣ್ಣದ 40ರ ಫ್ಯೂಸ್! ಫ್ಯೂಸ್ ಇರುವುದೇ ವೈರು ಕಾಯಲು. ವೈರು ತಡೆಯುವುದಕ್ಕಿಂತ ದೊಡ್ಡ ಫ್ಯೂಸ್ ಹಾಕಿದರೆ ಮೊದಲು ಸುಡುವುದು ವೈರು. ಹೀಗೆ ಮಾಡಿದವರ ಮೇಲೆ ನನಗೆ ಈಗಲೂ ಸಿಟ್ಟಿದೆ.

ಆಮೇಲೆ ರೆಸಿಸ್ಟರಿನ ಕನೆಕ್ಟರ್, ಅಂದರೆ ಅದಕ್ಕೆ ವೈರುಗಳನ್ನು ಜೋಡಿಸುವ ಪ್ಲಗ್, ಬಿಚ್ಚಿದರು. ಬಿಳಿ ಪ್ಲಾಸ್ಟಿಕ್ ಒಂದು ಮೂಲೆಯಲ್ಲಿ ಕಂದು ಬಣ್ಣಕ್ಕೆ ತಿರುಗಿ, ಕರಗಿ, ಪಿನ್ನಿಗೆ ಅಂಟಿಕೊಂಡಿತ್ತು. ಆ ಪಿನ್ನಿನ ವೈರು ಬೆರಳಿನಲ್ಲಿ ಬಗ್ಗಿಸಿದರೆ ಮೇಲಿನ ಕವಚ ಪುಡಿಯಾಗಿ ಉದುರುತ್ತಿತ್ತು. ಇಂಥ ಕನೆಕ್ಟರಿಗೇ ಎರಡು ಸಲ ಹೊಸ ರೆಸಿಸ್ಟರ್ ಚುಚ್ಚಿದ್ದರು. ಕೈಯಲ್ಲಿ ಹಿಡಿದವರ ಕಣ್ಣಿಗೆ ಬೀಳದೇ ಇರಲು ಸಾಧ್ಯವೇ ಇಲ್ಲ.

ಇಲ್ಲೊಂದು ಲೆಕ್ಕ ಹೇಳಲೇಬೇಕು, ಯಾಕೆಂದರೆ ಸರಿಯಾದ ಫ್ಯೂಸ್ ಇದ್ದರೂ ಈ ಅಪಾಯ ಪೂರ್ತಿ ಹೋಗುವುದಿಲ್ಲ. ಬ್ಲೋವರ್ ಪೂರ್ತಿ ಸ್ಪೀಡಿನಲ್ಲಿ 20 ಆಂಪಿಯರ್ ಎಳೆಯುವುದು ದೊಡ್ಡ ಮಾತಲ್ಲ. ಕನೆಕ್ಟರಿನ ಪಿನ್ ಲೂಸಾಗಿ ಬರೀ 0.1 ಓಮ್ ರೆಸಿಸ್ಟೆನ್ಸ್ ಬಂದರೂ ಅಲ್ಲಿ 40 ವ್ಯಾಟ್ ಬಿಸಿ ಹುಟ್ಟುತ್ತದೆ. ವೈರು ಬೆಸೆಯುವ ಸಣ್ಣ ಸೋಲ್ಡರಿಂಗ್ ಐರನ್ ಇರುವುದೇ 25 ವ್ಯಾಟಿನದು. ಅಷ್ಟು ಬಿಸಿ ಪ್ಲಾಸ್ಟಿಕ್ಕಿನ ಒಳಗೆ, ಒಂದು ಪಿನ್ನಿನ ಸುತ್ತ! ಆದರೆ ಕರೆಂಟು ಜಾಸ್ತಿಯಾಗಿಲ್ಲವಲ್ಲ, ಅದಕ್ಕೇ ಫ್ಯೂಸ್ ಹಾರುವುದಿಲ್ಲ. ಕೊನೆಯ ಸ್ಪೀಡಾದರೂ ಇದೆಯಲ್ಲ ಅಂತ ತಿಂಗಳುಗಟ್ಟಲೆ ಅದರಲ್ಲೇ ಓಡಿಸುವವರಿದ್ದಾರೆ. ಆಗ ಮೋಟಾರ್ ಸದಾ ಪೂರ್ತಿ ಕರೆಂಟು ಎಳೆಯುತ್ತದೆ. ದಾರಿಯಲ್ಲಿರುವ ಲೂಸ್ ಪಿನ್ನುಗಳೆಲ್ಲ ಬೇಯುತ್ತಾ ಹೋಗುತ್ತವೆ.

ಮೂಲ ಕಾರಣ ಇನ್ನೂ ಮೇಲಿತ್ತು. ಮುಂದಿನ ಗಾಜಿನ ಬುಡದಲ್ಲಿ, ವೈಪರ್ ಕೆಳಗೆ, ಮಳೆ ನೀರು ಇಳಿದು ಹೋಗಲು ತೂತುಗಳಿರುತ್ತವೆ. ಅಲ್ಲಿ ಎಲೆ ತುಂಬಿ ಕೊಳೆತು ನೀರು ನಿಂತಿತ್ತು. ಆ ನೀರು ಗಾಳಿ ಎಳೆಯುವ ದಾರಿಯಿಂದ ಬ್ಲೋವರಿನ ಮೇಲೆ ತೊಟ್ಟಿಕ್ಕಿ, ಮೋಟಾರಿನ ಶಾಫ್ಟಿಗೆ ತುಕ್ಕು ಹಿಡಿದಿತ್ತು. ಕಿರ್ ಸದ್ದು ಅದರದ್ದೇ. ಫ್ಯಾನನ್ನು ಕೈಯಲ್ಲಿ ತಿರುಗಿಸಿ ಬಿಟ್ಟರೆ ಬಿಟ್ಟಲ್ಲೇ ನಿಲ್ಲುತ್ತಿತ್ತು. ಹೊಸದನ್ನು ತಿರುಗಿಸಿದಾಗ ಹಲವು ಸುತ್ತು ಹಗುರವಾಗಿ ತಿರುಗಿತು. ಡಿಸಿ ಕರೆಂಟು ಅಳೆಯುವ ಕ್ಲ್ಯಾಂಪ್ ಮೀಟರ್ ಹಾಕಿ ನೋಡಿದರೆ ಹಳೆಯದು 30 ಆಂಪಿಯರ್ ದಾಟುತ್ತಿತ್ತು, ಹೊಸದು 20ರ ಒಳಗೇ ಇತ್ತು. ಮೋಟಾರ್, ರೆಸಿಸ್ಟರ್, ಕನೆಕ್ಟರ್ ಮೂರನ್ನೂ ಬದಲಿಸಿದರು. ಕನೆಕ್ಟರಿಗೆ ಹಳೆಯದರಷ್ಟೇ ದಪ್ಪದ ವೈರು ಹಾಕಿ ಕ್ರಿಂಪ್ ಮಾಡಿದರು (ಇಕ್ಕಳದಿಂದ ಬಿಗಿಯಾಗಿ ಒತ್ತಿ ಕೂರಿಸಿದರು), ಸುಮ್ನೆ ತಿರುಚಿ ಟೇಪ್ ಸುತ್ತಲಿಲ್ಲ. ತೂತು ಸ್ವಚ್ಛ ಮಾಡಿದರು, ಕೆಸರು ಕಟ್ಟಿದ್ದ ಕ್ಯಾಬಿನ್ ಫಿಲ್ಟರ್ ಎಸೆದು ಹೊಸದು ಹಾಕಿದರು.

ನಿಮ್ಮ ಕಾರಿನದು ಯಾವ ತೊಂದರೆ ಅಂತ ಗ್ಯಾರೇಜಿಗೆ ಹೋಗುವ ಮೊದಲೇ ಒಂದಿಷ್ಟು ಗೊತ್ತುಮಾಡಿಕೊಳ್ಳಬಹುದು. ಗಾಳಿ ಚೆನ್ನಾಗಿ ಬರುತ್ತಿದ್ದು ಬಿಸಿ ಮಾತ್ರ ಇಲ್ಲದಿದ್ದರೆ ಫ್ಯಾನ್ ಬಿಚ್ಚಲು ಬಿಡಬೇಡಿ. ಪೆಟ್ರೋಲ್, ಡೀಸೆಲ್ ಕಾರುಗಳಲ್ಲಿ ಅದು ಹೆಚ್ಚಾಗಿ ಕೂಲಂಟ್ (ಎಂಜಿನ್ ತಣಿಸುವ ದ್ರವ), ಥರ್ಮೋಸ್ಟಾಟ್ (ಅದರ ಹರಿವನ್ನು ಹತೋಟಿಯಲ್ಲಿಡುವ ಕವಾಟ) ಕಡೆಯ ತೊಂದರೆ. ಯಾವ ಸ್ಪೀಡಿನಲ್ಲೂ ಫ್ಯಾನ್ ಓಡದಿದ್ದರೆ ಫ್ಯೂಸ್, ರಿಲೇ ನೋಡಿ, ಆಮೇಲೆ ಮೋಟಾರಿನ ಕನೆಕ್ಟರಿನಲ್ಲಿ ಮಲ್ಟಿಮೀಟರ್ ಇಟ್ಟು ನೋಡಿ. 12 ವೋಲ್ಟ್ ಬರುತ್ತಿದ್ದು, ಅರ್ತೂ ಸರಿಯಿದ್ದು, ಫ್ಯಾನ್ ತಿರುಗದಿದ್ದರೆ ಮೋಟಾರ್ ಹೋಗಿದೆ. ಮೋಟಾರನ್ನು ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ತಟ್ಟಿದಾಗ ತಿರುಗಿಬಿಟ್ಟರೆ ಕಾರ್ಬನ್ ಬ್ರಷ್ ಸವೆದಿರುವ ಸಾಧ್ಯತೆ ಜಾಸ್ತಿ. ಅದನ್ನು ರಿಪೇರಿ ಅಂತ ನಂಬಿ ದೂರ ಹೋಗಬೇಡಿ. ಆಟೋಮ್ಯಾಟಿಕ್ ಎಸಿ ಇರುವ ಕಾರುಗಳಲ್ಲಿ ಸುರುಳಿ ರೆಸಿಸ್ಟರಿನ ಬದಲು ಎಲೆಕ್ಟ್ರಾನಿಕ್ ಮಾಡ್ಯೂಲ್ ಇರುತ್ತದೆ, ಅಲ್ಲಿ ಕೊನೆಯ ಸ್ಪೀಡಿನ ಲೆಕ್ಕ ನಡೆಯುವುದಿಲ್ಲ. ಆದರೆ ಕನೆಕ್ಟರ್ ಕರಗುವುದು ಅಲ್ಲೂ ಇದೆ.

ಬ್ಲೋವರ್ ಸಾಮಾನ್ಯವಾಗಿ ಚಾಲಕನ ಪಕ್ಕದ ಸೀಟಿನ ಮುಂದೆ, ಗ್ಲೋವ್ ಬಾಕ್ಸಿನ ಹಿಂದೆ ಇರುತ್ತದೆ. ನೀವೇ ಬಿಚ್ಚುವುದಾದರೆ ಮೊದಲು ಬ್ಯಾಟರಿಯ ನೆಗೆಟಿವ್ ತೆಗೆದು, ಕಾರಿನ ಪುಸ್ತಕ ಹೇಳಿದಷ್ಟು ಹೊತ್ತು ಕಾಯಿರಿ. ಅಲ್ಲೇ ಹತ್ತಿರ ಏರ್‌ಬ್ಯಾಗ್ ಇರುತ್ತದೆ. ಹಳದಿ ಕನೆಕ್ಟರ್ ಕಂಡರೆ ಮುಟ್ಟಬೇಡಿ, ಅದಕ್ಕೆ ಮೀಟರ್ ಇಡಲೇಬೇಡಿ. ಓಡಿಸುವಾಗಲೇ ಹೊಗೆ ಬಂದರೆ ಫ್ಯಾನ್ ಆಫ್ ಮಾಡಿ, ಕಿಟಕಿ ಇಳಿಸಿ, ಬದಿಗೆ ನಿಲ್ಲಿಸಿ, ಎಂಜಿನ್ ಆರಿಸಿ, ಎಲ್ಲರೂ ಇಳಿದು ದೂರ ನಿಲ್ಲಿ. ಇನ್ನೊಂದು ಸಲ ಹಾಕಿ ನೋಡೋಣ ಅನ್ನಬೇಡಿ.

ಮೊದಲ ಗ್ಯಾರೇಜಿಗೆ ಆ ಕಿತ್ತಳೆ ಫ್ಯೂಸನ್ನೂ ಕರಗಿದ ಕನೆಕ್ಟರನ್ನೂ ಹಿಡಿದುಕೊಂಡು ಹೋಗಿ ಕೇಳಿದೆ. "ಮೋಟಾರ್ ಹಳೇದಾಗಿತ್ತು ಸಾರ್, ನಾವು ಹಾಕಿದ ಪಾರ್ಟ್‌ನಲ್ಲಿ ಏನೂ ತೊಂದ್ರೆ ಇರ್ಲಿಲ್ಲ" ಅಂದರು. ಫ್ಯೂಸ್ ಹಾಕಿದ್ದು ತಾವಲ್ಲ ಅಂದರು. ಬಿಲ್ಲಿನಲ್ಲಿ "ಫ್ಯಾನ್ ರಿಪೇರಿ" ಅಂತ ಒಂದೇ ಸಾಲು ಇದ್ದಿದ್ದರಿಂದ ನನ್ನ ಮಾತು ಅಲ್ಲಿಗೇ ನಿಂತಿತು. ಹಾಗಾಗಿ ನೀವು ಮಾಡಿಸುವಾಗ ಬದಲಿಸಿದ ಪಾರ್ಟಿನ ಹೆಸರು, ಫ್ಯೂಸ್ ಎಷ್ಟು ಆಂಪಿಯರಿನದು, ಮೋಟಾರ್ ಎಷ್ಟು ಕರೆಂಟು ಎಳೆಯುತ್ತಿದೆ, ಮೂರನ್ನೂ ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಹಳೆಯ ರೆಸಿಸ್ಟರನ್ನು ವಾಪಸ್ ಕೇಳಿ. ಕನೆಕ್ಟರ್ ಬಿಚ್ಚಿದಾಗ ಅದರ ಫೋಟೋ ತೆಗೆದುಕೊಳ್ಳಿ. ಕರೆಂಟು ಅಳೆಯುವುದಿಲ್ಲ ಅಂದರೆ ಕಾರಿನ ಕೀ ವಾಪಸ್ ತಗೊಂಡು ಬೇರೆ ಕಡೆ ಹೋಗಿ.