ಎನ್‌ಐಎಚ್ ಲೋನ್ ರೀಪೇಮೆಂಟ್ ಪ್ರೋಗ್ರಾಂ: ಒಳ್ಳೇದೇ, ಆದ್ರೆ ಎಲ್ರಿಗೂ ಅಲ್ಲ

ಅಮೆರಿಕದಲ್ಲಿ ಬಯೋಮೆಡಿಕಲ್ ರಿಸರ್ಚ್‌ಗೆ ಈಗಷ್ಟೇ ಕಾಲಿಟ್ಟಿರೋರು ಎನ್‌ಐಎಚ್‌ನ (ಅಲ್ಲಿನ ಸರ್ಕಾರದ ವೈದ್ಯಕೀಯ ಸಂಶೋಧನಾ ಸಂಸ್ಥೆ) ಈ ಸಾಲ ತೀರಿಸೋ ಯೋಜನೆನ ಒಮ್ಮೆ ನೋಡ್ಲೇಬೇಕು. ವಾರಕ್ಕೆ ಕಮ್ಮಿ ಅಂದ್ರೂ 20 ಗಂಟೆ ರಿಸರ್ಚ್ ಮಾಡ್ತೀವಿ ಅಂತ 2 ವರ್ಷಕ್ಕೆ ಒಪ್ಕೊಂಡ್ರೆ ಸ್ಟೂಡೆಂಟ್ ಲೋನ್‌ನ ಕಾಲು ಭಾಗ ಪ್ರತಿ ವರ್ಷ ಎನ್‌ಐಎಚ್‌ನೋರೇ ಕಟ್ತಾರೆ, ಮಿತಿ ವರ್ಷಕ್ಕೆ 50,000 ಡಾಲರ್. ದುಡ್ಡು ನಮ್ಮ ಕೈಗೆ ಬರಲ್ಲ, ಸೀದಾ ಸಾಲ ಕೊಟ್ಟೋರಿಗೆ ಹೋಗುತ್ತೆ.

ಲೆಕ್ಕ ಹಾಕಿ: 80,000 ಡಾಲರ್ ಸಾಲ ಇದ್ರೆ ವರ್ಷಕ್ಕೆ 20,000, ಅಂದ್ರೆ 2 ವರ್ಷದಲ್ಲಿ ಹತ್ತಿರತ್ತಿರ ಅರ್ಧ ಸಾಲ ಮಾಯ, ಆಮೇಲೆ ರಿನ್ಯೂವಲ್‌ಗೂ ಅರ್ಜಿ ಹಾಕ್ಬೋದು.

ಆದ್ರೆ ನನಗನ್ಸೋದು, ನಿಜವಾದ ಲಾಭ ಎಂಡಿ (ಅಮೆರಿಕದಲ್ಲಿ ಡಾಕ್ಟರ್ ಆಗೋಕೆ ಓದೋ ಡಿಗ್ರಿ) ಓದಿದವರಿಗೇ. ಅವರ ತಲೆ ಮೇಲೆ ಸಾಲದ ಬೆಟ್ಟಾನೇ ಇರುತ್ತೆ, ಪ್ರಾಕ್ಟೀಸ್‌ಗೆ ಹೋದ್ರೆ ಸಂಬಳ ಜಾಸ್ತಿ, ಹಾಗಿರುವಾಗ ಲ್ಯಾಬ್‌ನಲ್ಲಿ ಉಳಿಯೋಕೆ ಇಂಥದ್ದೊಂದು ಆಸರೆ ಬೇಕೇ ಬೇಕು. ಬರೀ ಪಿಎಚ್‌ಡಿ ಮಾಡಿದೋರಿಗೆ ಸಾಮಾನ್ಯವಾಗಿ ಟ್ಯೂಷನ್ ಫೀ ಇರಲ್ಲ, ಸ್ಟೈಪೆಂಡ್ ಬೇರೆ ಬರುತ್ತೆ, ಸಾಲ ವರ್ಷದ ಸಂಬಳದ ಶೇ. 20ಕ್ಕಿಂತ ಕಮ್ಮಿ ಇದ್ರೆ ಅರ್ಜಿ ಹಾಕೋ ಹಾಗೇ ಇಲ್ಲ. ಅವರ ತೊಂದ್ರೆ ಸಾಲಕ್ಕಿಂತ ಪೋಸ್ಟ್‌ಡಾಕ್‌ನ (ಪಿಎಚ್‌ಡಿ ಆದ್ಮೇಲೆ ಮಾಡೋ ತಾತ್ಕಾಲಿಕ ರಿಸರ್ಚ್ ಕೆಲ್ಸ) ಕಮ್ಮಿ ಸಂಬಳ, ಪರ್ಮನೆಂಟ್ ಕೆಲ್ಸ ಸಿಗ್ದೇ ಇರೋದು, ಅದಕ್ಕೆಲ್ಲ ಇದ್ರಲ್ಲಿ ಮದ್ದಿಲ್ಲ ಬಿಡಿ.

ಇನ್ನೊಂದು, ಇದು ಸಿಟಿಜನ್, ಗ್ರೀನ್ ಕಾರ್ಡ್‌ನೋರಿಗೆ ಮಾತ್ರ. ವೀಸಾ ಮೇಲಿರೋ ನಮ್ಮೋರು ಸುಮ್ನೆ ಟೈಮ್ ವೇಸ್ಟ್ ಮಾಡ್ಕೋಬೇಡಿ. ನನ್ನ ಕಡೆಯಿಂದ 5ಕ್ಕೆ 3.5.